ಗೂಗಲ್ ಫೋಟೋಸ್: ಫೋನ್ ಹಗುರಾಗುತ್ತದೆ, ಡಿಲೀಟ್ ಬಟನ್ ಮಾತ್ರ ನಂಬಬೇಡಿ

ಈ ಆ್ಯಪ್‌ನಲ್ಲಿ ನಿಜಕ್ಕೂ ಮೆಚ್ಚುವಂಥದ್ದು 'ಫ್ರೀ ಅಪ್ ಸ್ಪೇಸ್'. ಬಲಗಡೆ ಮೇಲಿರುವ ಪ್ರೊಫೈಲ್ ಚಿತ್ರ ಒತ್ತಿ, ಬ್ಯಾಕಪ್ ಮುಗಿದಿದೆಯೇ ನೋಡಿಕೊಂಡು ಅದನ್ನು ಒತ್ತಿದರೆ ಎಷ್ಟು ಜಾಗ ಸಿಗುತ್ತದೆಂದು ಮೊದಲೇ ಹೇಳುತ್ತದೆ. ಕ್ಲೌಡ್, ಅಂದರೆ ಗೂಗಲ್‌ನ ಸರ್ವರ್ ಸೇರಿದ ಫೋಟೋಗಳನ್ನಷ್ಟೇ ಫೋನಿನಿಂದ ತೆಗೆಯುತ್ತದೆ, ಇನ್ನೂ ಅಪ್‌ಲೋಡ್ ಆಗದ್ದರ ತಂಟೆಗೆ ಹೋಗುವುದಿಲ್ಲ. ವಾರಕ್ಕೊಮ್ಮೆ ರಾತ್ರಿ ಫೋನ್ ಚಾರ್ಜಿಗೆ ಹಾಕಿ, ವೈಫೈನಲ್ಲಿ ಬ್ಯಾಕಪ್ ಮುಗಿಸಿ, ಬೆಳಿಗ್ಗೆ ಇದನ್ನು ಒತ್ತುವುದು ಒಳ್ಳೆಯ ಅಭ್ಯಾಸ. ಐಫೋನಿನಲ್ಲಿ ಇನ್ನೊಂದು ಹೆಜ್ಜೆ ಇದೆ: ತೆಗೆದದ್ದು 'ರೀಸೆಂಟ್ಲಿ ಡಿಲೀಟೆಡ್' ಆಲ್ಬಮ್‌ಗೆ ಹೋಗಿ ಕೂತಿರುತ್ತದೆ, ಅದನ್ನೂ ಖಾಲಿ ಮಾಡದೆ ಜಾಗ ಸಿಗದು.

ಜಾಗ ತಿನ್ನುವುದು ಫೋಟೋಗಿಂತ ವಿಡಿಯೊ. 4ಕೆ ವಿಡಿಯೊ ಒಂದು ನಿಮಿಷಕ್ಕೇ 170ರಿಂದ 350 ಎಂಬಿ ನುಂಗುತ್ತದೆ. ಗೂಗಲ್ ಖಾತೆಗೆ ಉಚಿತವಾಗಿ ಸಿಗುವ 15 ಜಿಬಿ ಕ್ಲೌಡ್ ಜಾಗದಲ್ಲಿ ಜಿಮೇಲ್, ಡ್ರೈವ್ ಎರಡಕ್ಕೂ ಪಾಲಿದೆ. ಅದು ತುಂಬಿದರೆ ಬ್ಯಾಕಪ್ ನಿಲ್ಲುವುದಷ್ಟೇ ಅಲ್ಲ, ಮೇಲ್ ಬರುವುದೂ ನಿಲ್ಲುತ್ತದೆ. ಹಾಗಾಗಿ 'ಮ್ಯಾನೇಜ್ ಸ್ಟೋರೇಜ್'ಗೆ ಹೋಗಿ ದೊಡ್ಡ ವಿಡಿಯೊ, ಮಸುಕಾದ ಫೋಟೋ, ಸ್ಕ್ರೀನ್‌ಶಾಟ್‌ಗಳ ಪಟ್ಟಿಯನ್ನು ಆಗಾಗ ಸವರುತ್ತಿರಬೇಕು.

ಇನ್ನು ತಕರಾರು. ಇದನ್ನು ಬ್ಯಾಕಪ್ ಅನ್ನುತ್ತಾರೆ, ಆದರೆ ನಡೆಯುವುದು ಸಿಂಕ್, ಅಂದರೆ ಒಂದು ಕಡೆ ಅಳಿಸಿದರೆ ಎಲ್ಲ ಕಡೆಯೂ ಅಳಿಯುತ್ತದೆ. ಫೋನಿನಲ್ಲಿ ಜಾಗ ಮಾಡೋಣ ಅಂತ ಇದೇ ಆ್ಯಪ್‌ನಲ್ಲಿ ಕಸದ ಬುಟ್ಟಿಯ ಗುರುತು ಒತ್ತಿದರೆ ಫೋಟೋ ಫೋನಿನಿಂದಲೂ ಹೋಯಿತು, ಕ್ಲೌಡ್‌ನಿಂದಲೂ ಹೋಯಿತು. ಅದೇ ಖಾತೆ ಹಾಕಿರುವ ಟ್ಯಾಬ್ಲೆಟ್ಟಿನಲ್ಲೂ ಕಾಣದು. ಬ್ಯಾಕಪ್ ಆದದ್ದು 60 ದಿನ ಟ್ರ್ಯಾಶ್‌ನಲ್ಲಿರುತ್ತದೆ, ಆಗದ್ದು 30 ದಿನ, ಆಮೇಲೆ ಕಥೆ ಮುಗಿಯಿತು. ಫೋನಿನದು ಮಾತ್ರ ಹೋಗಬೇಕೆಂದರೆ ಫೋಟೋ ತೆರೆದು ಮೇಲಕ್ಕೆ ಸರಿಸಿ 'ಡಿಲೀಟ್ ಫ್ರಮ್ ಡಿವೈಸ್' ಹುಡುಕಬೇಕು. ಅಪಾಯದ ಬಟನ್ ಕಣ್ಣೆದುರಿಗೆ, ಬೇಕಾದ ಬಟನ್ ಮೆನುವಿನ ಒಳಗೆ! ಇಂಥ ವಿನ್ಯಾಸಕ್ಕೆ ಏನು ಸಮರ್ಥನೆ ಇದೆಯೋ.

ಸೆಟ್ಟಿಂಗ್ಸ್‌ನಲ್ಲಿ ಇನ್ನೆರಡು ಕಡೆ ಎಚ್ಚರ ಬೇಕು. ಒಂದು, ಅಪ್‌ಲೋಡ್ ಗುಣಮಟ್ಟ. 'ಸ್ಟೋರೇಜ್ ಸೇವರ್' ಇಟ್ಟರೆ 16 ಮೆಗಾಪಿಕ್ಸೆಲ್ ಮೀರಿದ ಫೋಟೋ 16ಕ್ಕೆ, 1080ಪಿ ಮೀರಿದ ವಿಡಿಯೊ 1080ಪಿಗೆ ಇಳಿಯುತ್ತದೆ. ಫೋನ್ ಪರದೆಯಲ್ಲಿ ವ್ಯತ್ಯಾಸ ಗೊತ್ತಾಗುವುದಿಲ್ಲ, ನಿಜ. ಆದರೆ ಆಮೇಲೆ 'ಫ್ರೀ ಅಪ್ ಸ್ಪೇಸ್' ಒತ್ತಿದಾಗ ಹೋಗುವುದು ಫೋನಿನಲ್ಲಿದ್ದ ಅಸಲು ಫೈಲು, ಉಳಿಯುವುದು ಕುಗ್ಗಿಸಿದ ಪ್ರತಿ. ದೊಡ್ಡದಾಗಿ ಪ್ರಿಂಟ್ ಹಾಕಿಸುವ ಯೋಚನೆ ಇದ್ದರೆ ಒರಿಜಿನಲ್ ಕ್ವಾಲಿಟಿಯೇ ಇರಲಿ.

ಇನ್ನೊಂದು, ಆಂಡ್ರಾಯ್ಡ್‌ನ ವಾಟ್ಸ್ಆ್ಯಪ್ ಫೋಲ್ಡರ್. ಇದು ತಾನಾಗಿ ಬ್ಯಾಕಪ್ ಆಗುವುದಿಲ್ಲ, ಡಿವೈಸ್ ಫೋಲ್ಡರ್‌ಗಳ ಪಟ್ಟಿಯಲ್ಲಿ ಆನ್ ಮಾಡಬೇಕು. ಮಾಡಿದರೆ ಜಾಗ ಖಾಲಿ ಮಾಡುವಾಗ ಅಲ್ಲಿನ ಫೈಲುಗಳೂ ಹೋಗುತ್ತವೆ. ಚಾಟ್ ತೆರೆದರೆ ಹಳೆಯ ಫೋಟೋ ಸಿಗದು, ಇದ್ದದ್ದು ಗೂಗಲ್ ಫೋಟೋಸ್‌ನಲ್ಲಿ ಮಾತ್ರ. ಗುಡ್ ಮಾರ್ನಿಂಗ್ ಸಂದೇಶಗಳಿಗೆಲ್ಲ ಕ್ಲೌಡ್ ಜಾಗ ಕೊಡುವ ದರ್ದೇನು? ಆಫ್ ಇಟ್ಟು, ಬೇಕಾದ್ದನ್ನಷ್ಟೇ ಕೈಯಾರೆ ಅಪ್‌ಲೋಡ್ ಮಾಡುವುದು ವಾಸಿ.

ಇಷ್ಟಾದರೂ ಬಿಡಲು ಮನಸ್ಸಾಗದಿರುವುದು ಹುಡುಕಾಟದಿಂದ. ರಸೀದಿಯ ಫೋಟೋದಲ್ಲಿರುವ ಒಂದು ಪದ ಟೈಪ್ ಮಾಡಿದರೂ ಅದು ಮೇಲೆ ಬರುತ್ತದೆ. ನೆಟ್ ಇಲ್ಲದಾಗ ಮಾತ್ರ ಫೋನಿನಿಂದ ತೆಗೆದ ಫೋಟೋ ಮಸುಕು ಮಸುಕಾಗಿಯೇ ಉಳಿಯುತ್ತದೆ. ಗುರುತಿನ ಚೀಟಿ, ಟಿಕೆಟ್‌ಗಳ ಫೋಟೋ ಫೋನಿನಲ್ಲೂ ಒಂದು ಪ್ರತಿ ಇರಲಿ.

ಎರಡನೇ ಪ್ರತಿಯನ್ನು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳಲು ಗೂಗಲ್ ಟೇಕ್‌ಔಟ್ ಇದೆ. ಫೈಲುಗಳು ಜಿಪ್ ಎಂಬ ಕಟ್ಟುಗಳಾಗಿ ಬರುತ್ತವೆ, ಅದರ ಗಾತ್ರ 50 ಜಿಬಿ ಆರಿಸಿ. 2 ಜಿಬಿ ಆರಿಸಿದರೆ ಹತ್ತಾರು ಜಿಪ್ ಬಂದು, ಫೋಟೋ ಒಂದರಲ್ಲಿ, ಅದರ ವಿವರವಿರುವ ಜೇಸನ್ ಫೈಲು ಇನ್ನೊಂದರಲ್ಲಿ ಸಿಗಬಹುದು. ಜೇಸನ್ ಕಸವೆಂದು ಅಳಿಸಬೇಡಿ. ವಾಟ್ಸ್ಆ್ಯಪ್‌ನಿಂದ ಬಂದ ಫೋಟೋಗಳ ಒಳಗೆ ದಿನಾಂಕ ಇರುವುದಿಲ್ಲ, ಜೇಸನ್‌ನಲ್ಲಿ ಇರುತ್ತದೆ. ಅದಿಲ್ಲದೆ ಬೇರೆ ಆ್ಯಪ್‌ಗೆ ಹಾಕಿದರೆ ಅಂಥ ಹಳೆಯ ಫೋಟೋಗಳೆಲ್ಲ ಡೌನ್‌ಲೋಡ್ ಮಾಡಿದ ದಿನಾಂಕದಡಿ ಬಂದು ಬೀಳುತ್ತವೆ.