ಗಾಜಿನ ಕಟ್ಟಡಕ್ಕೆ ಜಲವರ್ಣ: ಮೂರು ವಿಧಾನಗಳ ಹೋಲಿಕೆ

ಬೆಂಗಳೂರಿನ ಹೊರವರ್ತುಲ ರಸ್ತೆಯಲ್ಲಿ ಮಾರತಹಳ್ಳಿಯಿಂದ ಬೆಳ್ಳಂದೂರಿನ ಕಡೆಗೆ ಸಾಲುಗಟ್ಟಿ ನಿಂತಿರುವ ಗಾಜಿನ ಕಚೇರಿಗಳಲ್ಲಿ ಒಂದನ್ನು ಆಯ್ದುಕೊಂಡು, ಹಾಳೆಯನ್ನಾಗಲಿ ಬಣ್ಣಗಳನ್ನಾಗಲಿ ಬದಲಿಸದೆ, ಅದರ ಮೇಲಿನ ಪ್ರತಿಬಿಂಬಗಳನ್ನು ಮೂರು ವಿಧಾನಗಳಲ್ಲಿ ಬರೆದು ನೋಡಿದೆ. ಹಾಳೆ 300 ಜಿಎಸ್ಎಂ (ಚದರ ಮೀಟರಿಗೆ 300 ಗ್ರಾಂ) ತೂಕದ, ಹತ್ತಿಯ ಕೋಲ್ಡ್ ಪ್ರೆಸ್, ಅಂದರೆ ಮೈ ತುಸು ತರಿತರಿಯಾಗಿರುವಂಥದ್ದು. ಬಣ್ಣಗಳು ಮುಖ್ಯವಾಗಿ ಅಲ್ಟ್ರಾಮರೀನ್ ನೀಲಿ ಮತ್ತು ಬರ್ಂಟ್ ಸಿಯೆನ್ನಾ ಎಂಬ ಕೆಂಪು ಮಿಶ್ರಿತ ಕಂದು. ನಗರಕ್ಕೆ ಬೇಕಾದ ಬೂದು ಛಾಯೆಗಳೆಲ್ಲ ಇವೆರಡರ ಬೆರಕೆಯಲ್ಲೇ ದೊರೆಯುತ್ತವೆ.

ಮೊದಲನೆಯದು ಮಾಸ್ಕಿಂಗ್ ಫ್ಲೂಯಿಡ್. ಚೌಕಟ್ಟಿನ ಗೆರೆಗಳನ್ನು ಈ ರಬ್ಬರ್ ದ್ರವದಿಂದ ಮುಚ್ಚಿ, ಮೇಲೆ ಧಾರಾಳವಾಗಿ ಬಣ್ಣ ಹಾಯಿಸಿ, ಒಣಗಿದ ಮೇಲೆ ಉಜ್ಜಿ ತೆಗೆದರೆ ಗೆರೆಗಳು ಬಿಳಿಯಾಗಿ ಉಳಿಯುತ್ತವೆ. ಅನುಕೂಲವೇನೋ ಹೌದು, ಆದರೆ ಎಲ್ಲೆಡೆ ಒಂದೇ ಬಿಳುಪು ಉಳಿಯುವುದರಿಂದ ಚಿತ್ರ ಎಂಜಿನಿಯರರ ನಕ್ಷೆಯಂತೆ ಕಾಣುತ್ತದೆ. ನಿಜವಾದ ಅಲ್ಯೂಮಿನಿಯಂ ಚೌಕಟ್ಟು ಬಿಸಿಲಿನ ಬದಿಯಲ್ಲಿ ಮಾತ್ರ ಹೊಳೆಯುತ್ತದೆ, ನೆರಳಿನ ಬದಿಯಲ್ಲಿ ಎಷ್ಟೋ ಸಲ ಗಾಜಿಗಿಂತ ಕಪ್ಪಾಗಿರುತ್ತದೆ. ಒಳ್ಳೆಯ ಕುಂಚವನ್ನಂತೂ ಆ ದ್ರವಕ್ಕೆ ಅದ್ದಲೇಬಾರದು.

ಎರಡನೆಯದು, ಒಣ ಹಾಳೆಯ ಮೇಲೆ ಒಂದೊಂದು ಗಾಜನ್ನೂ ಬೇರೆಬೇರೆಯಾಗಿ ತುಂಬುವುದು. ಇದು ತಾಳ್ಮೆ ಬೇಡುತ್ತದೆ, ಆದರೆ ಗಾಜಿನ ಗೋಡೆಯ ಮುಖ್ಯ ಗುಣವೊಂದು ಹಿಡಿತಕ್ಕೆ ಬಂದದ್ದು ಇದರಲ್ಲೇ. ಫಲಕಗಳು ಪೂರ್ತಿ ಸಮತಟ್ಟಾಗಿರುವುದಿಲ್ಲ, ಒಂದಕ್ಕೊಂದು ಕೂದಲೆಳೆಯಷ್ಟು ಓರೆಯಾಗಿಯೂ ಇರುತ್ತವೆ; ಆದ್ದರಿಂದ ಎದುರಿನ ಕಟ್ಟಡದ ನೆಟ್ಟನೆಯ ಅಂಚು ಪ್ರತಿಬಿಂಬದಲ್ಲಿ ಪ್ರತಿ ಚೌಕಟ್ಟಿನ ಬಳಿಯೂ ತುಂಡಾಗಿ, ತುಸು ಜರುಗಿ, ಮುಂದಿನ ಗಾಜಿನಲ್ಲಿ ಬಾಗಿಕೊಂಡು ಮುಂದುವರಿಯುತ್ತದೆ. ಈ ಜರುಗುವಿಕೆಯನ್ನು ನಾಲ್ಕೈದು ಕಡೆ ತೋರಿಸಿದರೂ ಸಾಕು, ನೋಡುವವರಿಗೆ ಅದು ಗಾಜೆಂದು ತಿಳಿಯುತ್ತದೆ. ಇಡೀ ಕಟ್ಟಡವನ್ನು ಹೀಗೆಯೇ ತುಂಬಿದರೆ ಮಾತ್ರ ಮೊಸಾಯಿಕ್ ನೆಲದ ಹಾಗೆ ಚೂರುಚೂರಾಗುತ್ತದೆ.

ಮೂರನೆಯದು, ಗಾಜಿನ ಮುಖವನ್ನೆಲ್ಲ ಒದ್ದೆ ಮಾಡಿ, ಆಕಾಶ, ಮೋಡ, ಮರಗಳನ್ನು ಒಂದೇ ಹರಿವಿನಲ್ಲಿ ಬಿಡುವುದು. ಕೆಳಗೆ ನಿಂತು ಕತ್ತೆತ್ತಿ ನೋಡುವವರಿಗೆ ಮೇಲಿನ ಅಂತಸ್ತುಗಳ ಗಾಜು ಓರೆಯಾಗಿ ಸಿಗುವುದರಿಂದ ಅದು ಆಕಾಶವನ್ನು ಹೆಚ್ಚು ಪ್ರತಿಫಲಿಸುತ್ತದೆ. ನೆಲಮಟ್ಟದಲ್ಲಿ ನೇರವಾಗಿ ನೋಡಿದಾಗ, ಲೇಪನವಿಲ್ಲದ ಸಾದಾ ಗಾಜಿನ ಒಂದೊಂದು ಮೈಯೂ ಸುಮಾರು ಶೇ. 4ರಷ್ಟು ಬೆಳಕನ್ನು ಮಾತ್ರ ಹಿಂದಿರುಗಿಸುವುದರಿಂದ, ಒಳಗಿನ ದೀಪ, ಕುರ್ಚಿಗಳೇ ಕಾಣುತ್ತವೆ. ಮೇಲಿನಿಂದ ಕೆಳಕ್ಕೆ ಹೀಗೆ ಮೆಲ್ಲಗೆ ಬದಲಾಗುವ ಛಾಯೆಯನ್ನು ಒದ್ದೆ ಹಾಳೆಯಷ್ಟು ಚೆನ್ನಾಗಿ ಬೇರಾವುದೂ ಕೊಡಲಿಲ್ಲ. ಮಾರ್ಚ್ ತಿಂಗಳ ಒಣಹವೆಯಲ್ಲಿ ಹಾಳೆ ಬೇಗ ಆರಿಬಿಡುತ್ತದೆ ಎಂಬುದೊಂದೇ ತೊಡಕು. ಮೋಡದ ಅಂಚನ್ನು ತೇವದ ಕುಂಚದಿಂದ ಎತ್ತಿ ತಿಳಿಗೊಳಿಸಲು ಅಲ್ಟ್ರಾಮರೀನ್ ಒಪ್ಪುತ್ತದೆ. ಥ್ಯಾಲೊ ನೀಲಿ ಹಾಳೆಗೆ ಕಲೆಯಾಗಿ ಕಚ್ಚಿಕೊಳ್ಳುವುದರಿಂದಲೇ ಅದನ್ನು ದೂರವಿಟ್ಟೆ.

ನನ್ನ ಆಯ್ಕೆ ಮೂರನೆಯದೇ. ಅದು ಒಣಗಿದ ಮೇಲೆ, ಕಣ್ಣು ಮೊದಲು ಹೋಗುವ ಜಾಗದ ಕೆಲವು ಫಲಕಗಳಿಗಷ್ಟೇ ಎರಡನೆಯ ವಿಧಾನ, ಬಿಸಿಲು ಬಿದ್ದ ಚೌಕಟ್ಟುಗಳಿಗೆ ಮಾತ್ರ ಬಿಳಿ ಗ್ವಾಶ್ (ಅಪಾರದರ್ಶಕ ಜಲವರ್ಣ). ಆದರೆ ಈ ಮಾತು ಹತ್ತಿಯ ಹಾಳೆಗಷ್ಟೇ ಅನ್ವಯಿಸುತ್ತದೆ. ಅಗ್ಗದ ಮರತಿರುಳಿನ ಹಾಳೆಯಲ್ಲಿ ಮೇಲಿನ ಪದರ ಕೆಳಗಿನದನ್ನು ಸುಲಭವಾಗಿ ಕದಡುವುದರಿಂದ, ಅಲ್ಲಿ ಗಾಜುಗಳನ್ನು ಬೇರೆಬೇರೆಯಾಗಿ ತುಂಬುವುದೇ ವಾಸಿ.