ಮಗಳ ಆಟಿಕೆ ಬುಟ್ಟಿಯಲ್ಲಿ ಉಳಿದವು, ಹೊರಬಿದ್ದವು

ಪೆಟ್ಟಿಗೆಯ ಮೇಲೆ ‘ಭಾಷಾ ಬೆಳವಣಿಗೆಗೆ’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿರುವ ಆಟಿಕೆಗಳಲ್ಲಿ ಹೆಚ್ಚಿನವು ಕಿವಿ ಕೇಳುವ ಮಕ್ಕಳನ್ನು ಮನಸ್ಸಿನಲ್ಲಿಟ್ಟುಕೊಂಡು ಮಾಡಿದವು. ನನ್ನ ಮಗಳು ಹುಟ್ಟು ಕಿವುಡಿ. ಹಿಯರಿಂಗ್ ಏಡ್ ಹಾಕಿದರೆ ಒಂದಷ್ಟು ಸದ್ದು ಸಿಗುತ್ತದೆ. ಮನೆಯಲ್ಲಿ ಸನ್ನೆ ಭಾಷೆ, ಬಾಯಿಮಾತು ಎರಡೂ ನಡೆಯುತ್ತವೆ. ಅವಳಿಗೀಗ ನಾಲ್ಕು ವರ್ಷ. ಇಷ್ಟು ದಿನ ಬಳಸಿದ ಆಟಿಕೆಗಳಲ್ಲಿ ಯಾವುದು ಕೆಲಸಕ್ಕೆ ಬಂತು, ಯಾವುದು ಬರಲಿಲ್ಲ ಅಂತ ನನ್ನಂಥ ತಾಯ್ತಂದೆಯರಿಗಾಗಿ ಬರೆಯುತ್ತಿದ್ದೇನೆ.

ಬೇಡದ್ದನ್ನು ಮೊದಲೇ ಹೇಳಿಬಿಡುತ್ತೇನೆ: ಗುಂಡಿ ಒತ್ತಿದರೆ ಹಾಡುವ, ಅಕ್ಷರ ಹೇಳುವ ಪ್ಯಾಡ್. ಅದರ ಪುಟ್ಟ ಸ್ಪೀಕರಿನ ದನಿಯೇ ಕರಕರ, ಏಡ್ ಆ ಕರಕರವನ್ನೂ ದೊಡ್ಡದು ಮಾಡಿ ಕಿವಿಗೆ ಹಾಕುತ್ತದೆ. ಮಾತಾಡುವ ಮುಖವಿಲ್ಲ, ತುಟಿಯಿಲ್ಲ, ಕೈಯಿಲ್ಲ. ಮಗಳಿಗೆ ದಕ್ಕಿದ್ದು ಮಿಣುಕುವ ದೀಪಗಳು ಮಾತ್ರ. ಅವನ್ನೇ ನೋಡುತ್ತಾ ಕೂತಳು, ನನ್ನ ಕಡೆ ತಲೆ ಎತ್ತಲೇ ಇಲ್ಲ. ಆಟಿಕೆ ತರುವಾಗ ನಾನು ಕೇಳಿಕೊಳ್ಳುವುದು ಇದೊಂದೇ: ಇದು ಮಗುವಿನ ಕಣ್ಣನ್ನು ನನ್ನತ್ತ ಕಳಿಸುತ್ತದೆಯೋ, ತನ್ನಲ್ಲೇ ಕಟ್ಟಿಹಾಕುತ್ತದೆಯೋ?

ಯಾಕೆಂದರೆ, ಕಿವಿ ಕೇಳುವ ಮಗು ಚೆಂಡನ್ನು ನೋಡುತ್ತಲೇ ಅಮ್ಮ ‘ಚೆಂಡು’ ಅಂದದ್ದನ್ನು ಕೇಳಿಸಿಕೊಳ್ಳುತ್ತದೆ. ಕಿವುಡು ಮಗು ಚೆಂಡನ್ನು ನೋಡಿ, ಆಮೇಲೆ ಅಮ್ಮನ ಕೈಯನ್ನೋ ಮುಖವನ್ನೋ ನೋಡಿ, ಮತ್ತೆ ಚೆಂಡಿನ ಹತ್ತಿರ ಬರಬೇಕು. ಕಿವುಡರೇ ಆದ ತಾಯ್ತಂದೆಯರಿಗೆ ಇದು ಸಹಜ. ಮಗು ತಲೆ ಎತ್ತುವವರೆಗೆ ಕಾಯುತ್ತಾರೆ, ಇಲ್ಲವೇ ಅದರ ನೋಟದ ದಾರಿಯಲ್ಲಿ, ಆಟಿಕೆಯ ಪಕ್ಕದಲ್ಲೇ ಸನ್ನೆ ಮಾಡುತ್ತಾರೆ. ಆದರೆ ಕಿವುಡು ಮಕ್ಕಳಲ್ಲಿ ಶೇ. 90ಕ್ಕೂ ಹೆಚ್ಚು ಮಂದಿ ಹುಟ್ಟುವುದು ಕಿವಿ ಕೇಳುವವರ ಮನೆಯಲ್ಲಿ. ನಾವು ಈ ಕಾಯುವಿಕೆಯನ್ನು ಕಲಿಯಬೇಕು. ಒಳ್ಳೆಯ ಆಟಿಕೆ ಅದಕ್ಕೆ ಅವಕಾಶ ಕೊಡುತ್ತದೆ.

ಆ ಲೆಕ್ಕದಲ್ಲಿ ನನ್ನ ಮೊದಲ ಸ್ಥಾನ ಸೋಪಿನ ಗುಳ್ಳೆ ಊದುವ ಡಬ್ಬಿಗೆ. ಮುಚ್ಚಳ ಬಿಗಿ, ಮಗುವಿಗೆ ಬಿಚ್ಚಲು ಬಾರದು. ಹಾಗಾಗಿ ಡಬ್ಬಿ ಹಿಡಿದುಕೊಂಡು ನನ್ನ ಮುಖ ನೋಡಲೇಬೇಕು. ಊದುವುದಕ್ಕೆ ಮುಂಚೆ ಒಂದು ಕ್ಷಣ ನಿಲ್ಲಿಸಿದರೆ ಸಾಕು, ಕೇಳುತ್ತಾಳೆ. ‘ಇನ್ನೂ’, ‘ಮೇಲೆ’, ‘ಒಡೀತು’, ‘ದೊಡ್ಡದು’, ‘ಖಾಲಿ’, ಇವೆಲ್ಲ ಅವಳ ಕೈಗೆ ಬಂದದ್ದು ಈ ಡಬ್ಬಿಯಿಂದ. ‘ಒಡೀತು’ ಅನ್ನುವ ಸನ್ನೆಯನ್ನು ಗುಳ್ಳೆ ಒಡೆದ ಜಾಗದಲ್ಲೇ ಗಾಳಿಯಲ್ಲಿ ಮಾಡುತ್ತಿದ್ದಳು. ಗುಂಡಿ ಒತ್ತಿ ತಾನಾಗಿ ಗುಳ್ಳೆ ಉಗುಳುವ ಯಂತ್ರ ಬೇಡ, ಅದಕ್ಕೆ ಅಮ್ಮ ಬೇಕಾಗುವುದಿಲ್ಲ.

ಆಮೇಲೆ ದನ, ಕುದುರೆ, ಕೋಳಿಗಳ ಸೆಟ್. ಇಲ್ಲಿ ಅಂಗಡಿಯವರು ಹೇಳದ ಒಂದು ವಿಷಯವಿದೆ. ಸನ್ನೆ ಮಾಡುವವರಿಗೆ ಎರಡೂ ಕೈ ಬೇಕು. ಆದ್ದರಿಂದ ಪ್ರಾಣಿ ತನ್ನ ಕಾಲ ಮೇಲೆ ತಾನೇ ಭದ್ರವಾಗಿ ನಿಲ್ಲಬೇಕು. ಪದೇ ಪದೇ ಉರುಳಿದರೆ ಮಾತು ತುಂಡಾಗುತ್ತದೆ. ನಮ್ಮ ಮೊದಲ ಸೆಟ್‌ನ ಕುದುರೆ ನಿಲ್ಲುತ್ತಲೇ ಇರಲಿಲ್ಲ, ಬದಲಾಯಿಸಿದೆ. ಕೈಗೆ ತೊಡುವ ಬೊಂಬೆಯೂ ಇದೇ ಕಾರಣಕ್ಕೆ ನಮ್ಮಲ್ಲಿ ಓಡಲಿಲ್ಲ, ಅದು ನನ್ನ ಒಂದು ಕೈಯನ್ನೇ ನುಂಗಿಬಿಡುತ್ತಿತ್ತು. ಗಾತ್ರವೂ ಮುಖ್ಯ. ಬಾಯಿಗೆ ಹಾಕಿದರೆ ಗಂಟಲಿಗೆ ಸಿಕ್ಕುವಷ್ಟು ಚಿಕ್ಕದಿರಬಾರದು, ಗದ್ದದ ಪಕ್ಕ ಹಿಡಿದರೆ ನನ್ನ ತುಟಿ ಮುಚ್ಚುವಷ್ಟು ದೊಡ್ಡದೂ ಇರಬಾರದು.

ಕಂಬಕ್ಕೆ ಪೋಣಿಸುವ ಬಣ್ಣದ ಬಳೆಗಳು ಎಲ್ಲರ ಮನೆಯಲ್ಲೂ ಇರುತ್ತವೆ. ಏಡ್ ಅಥವಾ ಕಾಕ್ಲಿಯರ್ ಇಂಪ್ಲಾಂಟ್ (ಶಸ್ತ್ರಚಿಕಿತ್ಸೆ ಮಾಡಿ ಒಳಕಿವಿಗೆ ಕೂರಿಸುವ ಸಾಧನ) ಹಾಕುವ ಮಗುವಿದ್ದರೆ ಅವು ದಿನಾ ಬೆಳಿಗ್ಗೆ ಬೇಕು. ಮಗು ಬಳೆಯನ್ನು ಕೆನ್ನೆಗೆ ಹಿಡಿದುಕೊಂಡು ಕಾಯಬೇಕು, ಸದ್ದು ಕೇಳಿದ ಕೂಡಲೇ ಪೋಣಿಸಬೇಕು. ನಾನು ಅವಳಿಗೆ ನನ್ನ ಬಾಯಿ ಕಾಣದಂತೆ ಕೂತು ಆ, ಊ, ಈ, ಮ್, ಶ್, ಸ್ ಅನ್ನುತ್ತೇನೆ. ಡೇನಿಯಲ್ ಲಿಂಗ್ ಎಂಬವರ ಹೆಸರಿನಲ್ಲಿ ಬಳಕೆಯಲ್ಲಿರುವ ಆರು ದನಿಗಳ ಪರೀಕ್ಷೆ ಇದು. ಮಾತಿನ ತಗ್ಗಿನ ದನಿಯಿಂದ ಏರುದನಿಯವರೆಗೆ ಇವು ವ್ಯಾಪಿಸುತ್ತವೆ. ನಿನ್ನೆಯವರೆಗೆ ‘ಸ್’ಗೆ ಬಳೆ ಹಾಕುತ್ತಿದ್ದವಳು ಇವತ್ತು ಹಾಕದಿದ್ದರೆ ಮೊದಲು ಏಡ್ ಪರೀಕ್ಷಿಸುತ್ತೇನೆ: ಬ್ಯಾಟರಿ ಇಳಿದಿದೆಯೋ, ಕೊಳವೆಯಲ್ಲಿ ತೇವ ಸೇರಿದೆಯೋ. ಸುಮ್ಮನೆ ಆಟವಾಗಿಯೂ ನಡೆಯುತ್ತದೆ, ಅವಳು ದನಿ ಹೊರಡಿಸಿ ನನ್ನಿಂದ ಬಳೆ ಹಾಕಿಸುತ್ತಾಳೆ.

ಏಡ್ ತೊಟ್ಟ ಬೊಂಬೆಯ ಬಗ್ಗೆ ತುಂಬ ಜನ ಕೇಳುತ್ತಾರೆ. 2015ರಲ್ಲಿ ಬ್ರಿಟನ್ನಿನಲ್ಲಿ ‘ಟಾಯ್ ಲೈಕ್ ಮಿ’ ಎಂಬ ಅಭಿಯಾನ ಶುರುವಾಗಿ, ಅಂಗವೈಕಲ್ಯವಿರುವ ಮಕ್ಕಳನ್ನು ಹೋಲುವ ಬೊಂಬೆ ಯಾಕಿಲ್ಲ ಎಂದು ತಯಾರಕರನ್ನು ಕೇಳಿತು. 2022ರಲ್ಲಿ ಬಾರ್ಬಿಯೂ ಕಿವಿಯ ಹಿಂದೆ ಏಡ್ ಇರುವ ಬೊಂಬೆ ತಂದಿತು. ಸಿಕ್ಕರೆ ಖಂಡಿತ ಕೊಳ್ಳಿ. ಸಿಗದಿದ್ದರೆ ಕಾಯಬೇಡಿ. ನಾವು ಮನೆಯ ಹಳೆಯ ಬೊಂಬೆಗೆ ಜೇಡಿಮಣ್ಣಿನಲ್ಲಿ ಏಡ್ ಮಾಡಿ ಹಾಕಿದೆವು. ತೆಗೆದು ಹಾಕಲು ಬರುವುದರಿಂದ ಅದೇ ಹೆಚ್ಚು ಮಾತಿಗೆ ಎಳೆಯಿತು. ಮಲಗುವಾಗ ಬೊಂಬೆಯ ಏಡ್ ಬಿಚ್ಚುತ್ತಾಳೆ, ನೀರಾಟಕ್ಕೆ ಮುಂಚೆ ನನಗೆ ನೆನಪಿಸುತ್ತಾಳೆ. ಒಂದು ದಿನ, ಬೊಂಬೆಗೆ ನೀನು ಹೇಳುವುದು ಕೇಳುತ್ತಾ ಅಂತ ಸನ್ನೆಯಲ್ಲಿ ಕೇಳಿದೆ. ಇಲ್ಲ, ನೋಡುತ್ತದೆ ಅಂದಳು. ನನಗೆ ಎಷ್ಟು ಖುಷಿಯಾಯಿತೆಂದರೆ ಅವಳನ್ನೆತ್ತಿ ಮನೆಯೆಲ್ಲ ಸುತ್ತಿದೆ.

ಕೊಳ್ಳುವ ಮುಂಚೆ ಬ್ಯಾಟರಿಯ ಮುಚ್ಚಳಕ್ಕೆ ಸ್ಕ್ರೂ ಇದೆಯೇ ನೋಡಿ. ಗುಂಡಿಯಂಥ ಲಿಥಿಯಂ ಬ್ಯಾಟರಿ ನುಂಗಿದರೆ 2 ಗಂಟೆಯೊಳಗೇ ಅನ್ನನಾಳ ಸುಡಬಹುದು. ನುಂಗಿರಬಹುದು ಅನ್ನುವ ಅನುಮಾನ ಬಂದರೂ ತಡಮಾಡದೆ ಆಸ್ಪತ್ರೆಗೆ ಹೋಗಿ. ಏಡ್‌ನ ಬ್ಯಾಟರಿಗೂ ಮಗುವಿಗೆ ತೆರೆಯಲು ಬಾರದ ಮುಚ್ಚಳ ಸಿಗುತ್ತದೆ, ಆಡಿಯಾಲಜಿಸ್ಟರನ್ನು (ಶ್ರವಣ ತಜ್ಞರನ್ನು) ಕೇಳಿ ಹಾಕಿಸಿಕೊಳ್ಳಿ.