ಸೂಪರ್ ಮಾರ್ಕೆಟ್ ಹಿಂದಿನ ಬೈಂಡಿಂಗ್ ಅಂಗಡಿ: ಕೆಲಸ ಗಟ್ಟಿ, ಆದರೆ ಟೈಮ್ ಜಾಸ್ತಿ

ಕಲಬುರಗಿ ಸೂಪರ್ ಮಾರ್ಕೆಟ್ ಹಿಂದಿನ ಗಲ್ಲಿಯಲ್ಲಿ ಬೋರ್ಡೂ ಇಲ್ಲದ ಪುಟ್ಟ ಬೈಂಡಿಂಗ್ ಅಂಗಡಿ ಇದೆ. ಅಪ್ಪನ ಹಳೆಯ ಕಥಾ ಸಂಕಲನವೊಂದನ್ನು ಅಲ್ಲಿ ಕೊಟ್ಟಿದ್ದೆ. ಹಾಳೆ ಮುಟ್ಟಿದರೆ ಪುಡಿ ಉದುರುತ್ತಿತ್ತು. ಚಾಚಾ ಅದನ್ನು ಪೂರ್ತಿ ಬಿಚ್ಚಿ, ದಾರ ಹಾಕಿ ಕೈಯಲ್ಲೇ ಹೊಲಿದು, ಹುಳ ಹಿಡಿಯಬಾರದು ಅಂತ ಮೈದಾ ಅಂಟಿಗೆ ಮೈಲುತುತ್ತ ಬೆರೆಸಿ ಹಚ್ಚಿ, ಮೇಲೆ ಕೆಂಪು ಬಟ್ಟೆ ಕಟ್ಟಿ ಕೊಟ್ಟರು. 220 ರೂಪಾಯಿ. ಕೊಟ್ಟ ದುಡ್ಡಿಗೆ ಮೋಸ ಇಲ್ಲ.

ಬೇಜಾರಾಗಿದ್ದು ಎರಡು. ನಾಲ್ಕು ದಿನ ಅಂದವರು ಒಂಬತ್ತು ದಿನ ಮಾಡಿದರು. ಅಂಚು ಕತ್ತರಿಸುವಾಗ ಅಪ್ಪ ಪೆನ್ಸಿಲಿನಲ್ಲಿ ಬರೆದುಕೊಂಡಿದ್ದ ಸಾಲಿನ ಕೊನೆಯ ಅಕ್ಷರಗಳು ಹೋದವು. ಅದು ಇನ್ನೂ ಚುಚ್ಚುತ್ತದೆ.

ತಂಗಿಗೂ ಒಂದು ಪ್ರತಿ ಇರಲಿ ಅಂತ ಜೆರಾಕ್ಸ್ ಕೇಳಿದೆ. "ಪೂರಾ ಪುಸ್ತಕ ಮಾಡಂಗಿಲ್ರಿ ಸರ್, ಕಾಪಿರೈಟ್ ಅದ" ಅಂದರು. ಸಿಟ್ಟು ಬರಲಿಲ್ಲ, ಅವರದು ನ್ಯಾಯವಾದ ಮಾತು. ಲೇಖಕರು ತೀರಿಕೊಂಡಿದ್ದು 1971ರಲ್ಲಿ. ನಮ್ಮ ಕಾನೂನಿನಲ್ಲಿ ಲೇಖಕರು ಸತ್ತ ಮುಂದಿನ ವರ್ಷದಿಂದ 60 ವರ್ಷ ಹಕ್ಕು ಇರುತ್ತದೆ, ಅಂದರೆ 2031 ಮುಗಿಯುವವರೆಗೆ. ಅನುಮತಿ ಕೇಳೋಣ ಅಂದರೆ ಪ್ರಕಾಶನ ಯಾವಾಗಲೋ ಮುಚ್ಚಿದೆ, ಲೇಖಕರ ಮನೆಯವರು ಎಲ್ಲಿದ್ದಾರೋ ಗೊತ್ತಿಲ್ಲ. ಮರುಮುದ್ರಣವೂ ಇಲ್ಲ.

ಹಿಂದೆ ಇದು 50 ವರ್ಷ ಇತ್ತು. ಟ್ಯಾಗೋರರ ಕೃತಿಗಳ ಹಕ್ಕು ಮುಗಿಯುವ ಹೊತ್ತಿಗೆ, 1992ರಲ್ಲಿ, 60 ಮಾಡಿದರು. ಕಾಪಿರೈಟ್ ಬಗ್ಗೆ ದೇಶಗಳು ಮಾಡಿಕೊಂಡಿರುವ ಬರ್ನ್ ಒಪ್ಪಂದ ಕೇಳುವುದು ಕನಿಷ್ಠ 50 ಮಾತ್ರ. ಆದರೂ ಈಗ ವ್ಯಾಪಾರ ಒಪ್ಪಂದಗಳಲ್ಲಿ 70ರ ಷರತ್ತು ಬರುತ್ತಿದೆ. ಅಮೆರಿಕದ ಜೊತೆಗಿನ ಒಪ್ಪಂದದಿಂದ ಆಸ್ಟ್ರೇಲಿಯಾ 2005ರಲ್ಲಿ 70 ಮಾಡಿತು, ಕೆನಡಾ 2022ರ ಕೊನೆಯಲ್ಲಿ. ಪೆಸಿಫಿಕ್ ಸಾಗರದ ಸುತ್ತಲಿನ ದೇಶಗಳ ವ್ಯಾಪಾರ ಒಪ್ಪಂದವಾದ ಟಿಪಿಪಿಯಲ್ಲೂ ಈ ಷರತ್ತಿತ್ತು, 2017ರಲ್ಲಿ ಅಮೆರಿಕ ಹೊರಗೆ ಹೋದ ಮೇಲೆ ಉಳಿದ 11 ದೇಶಗಳು ಅದನ್ನು ತಡೆಹಿಡಿದವು. ಅಂದರೆ ಅದು ಅವರಿಗೂ ಅಷ್ಟು ಬೇಕಾಗಿರಲಿಲ್ಲ, ಅಲ್ವಾ?

ಬರೆದವರ ಮಕ್ಕಳಿಗೆ ದುಡ್ಡು ಬರಲಿ ಅನ್ನುವ ವಾದ ನನಗೂ ಒಪ್ಪಿಗೆ. ಆದರೆ ಸತ್ತು ಐವತ್ತು ವರ್ಷದ ಮೇಲೂ ಮಾರಾಟವಾಗುವವರು ಬೆರಳೆಣಿಕೆ. ಉಳಿದವರ ಪುಸ್ತಕ ಅಂಗಡಿಯಲ್ಲೂ ಇಲ್ಲ, ಅಚ್ಚು ಹಾಕಲು ಇನ್ನೊಬ್ಬರಿಗೆ ಬಿಡುವುದೂ ಇಲ್ಲ. ನಾವೂ ನಾಳೆ ಯಾವುದೋ ಸುಂಕ ಇಳಿಸಿಕೊಳ್ಳೋಕೆ 70ಕ್ಕೆ ಸಹಿ ಹಾಕಿದರೆ ನನ್ನ ಪುಸ್ತಕಕ್ಕೆ ಬಿಡುಗಡೆ 2042ಕ್ಕೆ. ಆ ಹಾಳೆ ಅಲ್ಲಿಯವರೆಗೆ ಉಳಿಯಬೇಕಲ್ಲ. ನಮ್ಮ ಸರ್ಕಾರ ಇದಕ್ಕೆ ಒಪ್ಪಲೇಬಾರದು.

ಅಂಗಡಿಗೆ ಹೋಗುವವರು ಬೆಳಗ್ಗೆ 11ರ ಮೇಲೆ ಹೋಗಿ, ಶುಕ್ರವಾರ ಮಧ್ಯಾಹ್ನ ಬಂದ್. ಅಂಚು ಕತ್ತರಿಸಬೇಡಿ ಅಂತ ಮೊದಲೇ ಹೇಳಿ, ಚೀಟಿಯಲ್ಲೂ ಬರೆಸಿ.